ಹೊರದೇಶದಲ್ಲಿ ಅನ್ನದ ಭರವಸೆ

ಹನುಮಂತನಗರದಿಂದ ವಿದೇಶಕ್ಕೆ ಹೊರಡುವ ಮಕ್ಕಳ ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ಇದ್ದೇ ಇರುತ್ತವೆ. ಹೋದ ನಾಡಿನ ಆರ್ಥಿಕತೆಯೇ ಕುಸಿದರೆ ಅವು ಎಷ್ಟು ದಿನಕ್ಕೆ ಬಂದಾವು?

2016ರಲ್ಲಿ ತೈಲಬೆಲೆ ಇಳಿದು ಸೌದಿಯ ನಿರ್ಮಾಣ ಕಂಪನಿಗಳು ಮುಗ್ಗರಿಸಿದಾಗ, ತಿಂಗಳುಗಟ್ಟಲೆ ಸಂಬಳವಿಲ್ಲದ ಸಾವಿರಾರು ಭಾರತೀಯರಿಗೆ ಜಿದ್ದಾದ ನಮ್ಮ ದೂತಾವಾಸವೇ ದಿನಸಿ ಹಂಚಬೇಕಾಯಿತು. 2023ರ ಏಪ್ರಿಲ್‌ನಲ್ಲಿ, ಬೆಲೆಯೇರಿಕೆಯಿಂದ ಮೊದಲೇ ನಲುಗಿದ್ದ ಸುಡಾನ್‌ನಲ್ಲಿ ಯುದ್ಧ ಸಿಡಿದು, ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದ ಜನ ಅನ್ನ, ನೀರಿಗೆ ಪರದಾಡಿದರು. ಅವರನ್ನು ಕರೆತರಲು ಭಾರತ ನಡೆಸಿದ ‘ಆಪರೇಷನ್ ಕಾವೇರಿ’ಯ ನೆರವು ಸಿಗುವವರೆಗೆ ಒಂದೊಂದು ಹೊತ್ತಿನ ಊಟವೂ ಕಷ್ಟವಾಯಿತು.

ವಿದೇಶದಲ್ಲಿ ಸಂಕಷ್ಟದಲ್ಲಿರುವವರ ಊಟ, ವಸತಿ ಮುಂತಾದ ನೆರವಿಗೆ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅಪಾಯದ ದೇಶಗಳಲ್ಲಿ ಆ ಹಣದಿಂದ ದಿನಸಿ ದಾಸ್ತಾನಿಗೆ ಮುಂಚೆಯೇ ವ್ಯವಸ್ಥೆಯಾಗಲಿ. ಹೋಗುವವರೂ ದೂತಾವಾಸದಲ್ಲಿ ತಪ್ಪದೇ ಹೆಸರು ನೋಂದಾಯಿಸಿ, ಎರಡು ವಾರಕ್ಕಾಗುವಷ್ಟು ಅಕ್ಕಿ, ಬೇಳೆ ಇಟ್ಟುಕೊಳ್ಳಲಿ.