ನಡುಗಡಲಿನಲ್ಲಿ ಪಂಕ್ತಿಭೇದ

ದೇಹೂ ರೋಡಿನ ನಾಲ್ಕು ಕನ್ನಡ ಕುಟುಂಬಗಳವರು, ಒಟ್ಟು ಹನ್ನೊಂದು ಮಂದಿ, ಕಳೆದ ಚಳಿಗಾಲದಲ್ಲಿ ಮುಂಬಯಿಯಿಂದ ಗೋವೆಗೆ ಹೋಗಿ ಬರುವ ವಿಹಾರ ನೌಕೆಯೊಂದರಲ್ಲಿ ಪ್ರವಾಸ ಮಾಡಿ ಬಂದೆವು. ಸಂಘದ ಗೆಳೆಯರು ಕಂಡಾಗಲೆಲ್ಲ ‘ಸಮುದ್ರ ಹೇಗಿತ್ತು?’ ಎಂದು ಕೇಳುತ್ತಾರೆ. ಸಮುದ್ರ ಚೆನ್ನಾಗಿಯೇ ಇತ್ತು. ನಮ್ಮ ತಕರಾರು ಸಮುದ್ರದ ಮೇಲಲ್ಲ, ಊಟದ ಮೇಜಿನ ಮೇಲೆ. ಬರುವ ವರ್ಷ ಸಂಘದ ವತಿಯಿಂದಲೇ ಇಂಥದೊಂದು ಪ್ರವಾಸ ಏರ್ಪಡಿಸಬೇಕೆಂಬ ಸೂಚನೆ ಬಂದಿರುವುದರಿಂದ ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿತು.

ನಾವು ಸರ್ಕಾರಿ ಕಚೇರಿಯ ಗುಮಾಸ್ತರು. ತಿಂಗಳ ಸಂಬಳದಲ್ಲಿ ಉಳಿಸಿ, ಏಜೆಂಟರೊಬ್ಬರ ಮೂಲಕ ಟಿಕೇಟು ಕೊಂಡೆವು. ಟಿಕೇಟಿನಲ್ಲಿ ‘ಊಟೋಪಚಾರ ಸಹಿತ’ ಎಂದು ಸ್ಪಷ್ಟವಾಗಿತ್ತು. ಆದರೂ ಹೆಂಗಸರು ರೂಢಿಯಂತೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದರು. ಬಂದರಿನ ತಪಾಸಣೆಯಲ್ಲಿ ಆ ಗಂಟನ್ನು ತೆಗೆದಿರಿಸಿದರು. ಹೊರಗಿನ ಅಡುಗೆ ಹಡಗಿನೊಳಗೆ ಬರಕೂಡದಂತೆ. ನಿಯಮ ನಿಯಮವೇ, ಒಪ್ಪಿದೆವು. ಆದರೆ ಬುತ್ತಿ ಕಿತ್ತುಕೊಂಡವನು ಹೊತ್ತಿಗೆ ಸರಿಯಾಗಿ ಉಣಬಡಿಸುವ ಹೊಣೆಯನ್ನೂ ಹೊರಬೇಕಷ್ಟೆ?

ಆ ಸಂಜೆ ಏಳೂವರೆಗೆ ಊಟದ ಶಾಲೆಯ ಬಾಗಿಲಿಗೆ ಹೋದೆವು. ನಿಂತಿದ್ದ ಯುವಕ ಕೈಯಲ್ಲಿದ್ದ ಯಂತ್ರವನ್ನು ನೋಡಿ, ‘ನಿಮ್ಮ ರಿಸರ್ವೇಶನ್ ಇಲ್ಲ, ರಾತ್ರಿ ಹತ್ತಕ್ಕೆ ಮಾತ್ರ ಜಾಗವಿದೆ’ ಎಂದ. ವಿಚಾರಿಸಲಾಗಿ ತಿಳಿದದ್ದಿಷ್ಟು: ಮೇಜು ಕಾಯ್ದಿರಿಸಬೇಕೆಂಬ ಸಂದೇಶ ಹೊರಡುವ ಮೊದಲೇ ಮೊಬೈಲಿಗೆ ಬಂದಿತ್ತು, ಆದರೆ ನಮ್ಮ ಮೊಬೈಲಿಗಲ್ಲ. ಟಿಕೇಟಿನಲ್ಲಿ ಏಜೆಂಟರ ನಂಬರಿದ್ದುದರಿಂದ ಅದು ಅವರಿಗೆ ಹೋಗಿತ್ತು. ಅವರು ನೂರೆಂಟು ಸಂದೇಶಗಳ ನಡುವೆ ಅದನ್ನು ಗಮನಿಸಿರಲಿಲ್ಲ. ದೊಡ್ಡ ಕೋಣೆ ಹಿಡಿದವರ ಮೇಜುಗಳನ್ನು ಮಾತ್ರ ಹಡಗಿನ ಸಿಬ್ಬಂದಿಯೇ ಕಾಯ್ದಿರಿಸಿ ಕೊಟ್ಟಿದ್ದರು. ಇನ್ನೊಂದು ವಿಶೇಷ ಹೋಟೆಲಿತ್ತು. ಅಲ್ಲಿ ಜಾಗವೂ ಇತ್ತು, ಆದರೆ ತಲೆಗಿಷ್ಟು ಎಂದು ಬೇರೆ ಹಣ ತೆರಬೇಕು. ಉಳಿದದ್ದು ಬಫೆ. ಅಲ್ಲಿಯ ಸಾಲು ಮೆಟ್ಟಿಲಿನವರೆಗೆ ಬೆಳೆದಿತ್ತು.

ನಮ್ಮೊಂದಿಗೆ ಮಿತ್ರರೊಬ್ಬರ ತಾಯಿ ಇದ್ದರು. ವಯಸ್ಸು ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ. ಊಟ ಸಿಕ್ಕೇ ಸಿಗುವುದೆಂಬ ಭರವಸೆಯಿಂದ ಮಾತ್ರೆ ನುಂಗಿಯೇ ಕೋಣೆಯಿಂದ ಹೊರಟಿದ್ದರು. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಏನಾಗುವುದೆಂದು ಆ ಕಾಯಿಲೆಯ ಮನೆಯವರಿಗೆ ಹೇಳಬೇಕಾಗಿಲ್ಲ. ಅವರಿಗೆ ಬೆವರು ಬಂತು, ಕೈ ನಡುಗತೊಡಗಿತು. ಎರಡು ಬಿಸ್ಕತ್ತು ಕೊಟ್ಟು ಕೂಡಿಸಿದೆವು. ಗಾಜಿನ ಆಚೆ ಆರು ಮೇಜುಗಳು ‘ರಿಸರ್ವ್ಡ್’ ಎಂಬ ಫಲಕ ಹೊತ್ತು ಖಾಲಿ ನಿಂತಿದ್ದವು. ಅರ್ಧ ಗಂಟೆಯಾದರೂ ಅವುಗಳತ್ತ ಯಾರೂ ಬರಲಿಲ್ಲ. ಕಡೆಗೆ ಮಂಗಳೂರಿನ ಕಡೆಯ ಕೆಲಸದ ಹುಡುಗನೊಬ್ಬ ನಮ್ಮ ಕನ್ನಡ ಕೇಳಿ, ಹಿಂಬಾಗಿಲಿನಿಂದ ಒಂದು ತಟ್ಟೆ ಮೊಸರನ್ನ ತಂದು, ‘ಅಜ್ಜಿ, ಊಟ ಮಾಡಿ. ಯಾರಿಗೂ ಹೇಳಬೇಡಿ’ ಎಂದ. ಆ ಪುಣ್ಯಾತ್ಮನ ಹೆಸರನ್ನು ನಾವು ಬರೆಯುವುದಿಲ್ಲ.

ಅಜ್ಜಿ ಉಂಡು ಸುಧಾರಿಸಿಕೊಂಡ ಮೇಲೆ ಹೇಳಿದ್ದು: ‘ಲಗ್ನದ ಮನ್ಯಾಗ ಬೀಗರು ಉಂಡ ಮ್ಯಾಲೆ ನಮ್ಮ ಪಂಕ್ತಿ ಬರ್ತದಲ್ಲಪಾ, ಇಲ್ಲೂ ಹಂಗ ಇರಬೇಕು ಅಂತ ತಿಳಕೊಂಡೆ.’ ಹಣ ತೆತ್ತು ಕೊಂಡ ಊಟ ಆ ಮುದುಕಿಗೆ ಕದ್ದು ಕೊಟ್ಟ ಭಿಕ್ಷೆಯಾಗಿ ದೊರೆಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಂಥ ಹಡಗನ್ನು ನೋಡಿಯೇ ಹುಟ್ಟಿರಬೇಕು.

‘ತಪ್ಪು ನಿಮ್ಮದೇ. ಕಾಲಕ್ಕೆ ತಕ್ಕಂತೆ ಆ್ಯಪು ಕಲಿಯಬೇಕು’ ಎಂದು ಕೆಲವರು ನಮಗೇ ಬುದ್ಧಿ ಹೇಳಿದರು. ಇದು ಅರ್ಧ ಸತ್ಯ. ವಿಚಾರಿಸದೆ ಹೊರಟದ್ದು ನಮ್ಮ ತಪ್ಪೇ. ಆದರೆ ನಾವು ಬಿ.ಎಸ್ಸಿ. ಓದಿದವರು, ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರು, ಆ್ಯಪಿಗೆ ಹೆದರುವವರಲ್ಲ. ಇದೆ ಎಂದೇ ತಿಳಿಸದ ನಿಯಮವನ್ನು ಯಾವ ವಿದ್ಯಾವಂತ ತಾನೇ ಪಾಲಿಸಬಲ್ಲ? ಕಾಯ್ದಿರಿಸುವ ಪದ್ಧತಿಗೆ ನಾವು ವಿರೋಧಿಗಳೂ ಅಲ್ಲ. ಸಾವಿರ ಜನ ಒಂದೇ ಗಳಿಗೆಗೆ ನೂರು ಕುರ್ಚಿಗಳ ಮೇಲೆ ಬಿದ್ದರೆ ಯಾರಿಗೂ ಊಟವಿಲ್ಲ ಎಂಬ ಲೆಕ್ಕ ನಮಗೂ ಗೊತ್ತು. ರೈಲ್ವೆಯಲ್ಲಿಯೂ ಕಾಯ್ದಿರಿಸುತ್ತೇವೆ. ಅಲ್ಲಿ ನಿಯಮ ಬಹಿರಂಗ: 2024ರ ನವೆಂಬರ್ 1ರಿಂದ ಮುಂಗಡ ಅವಧಿ 120 ದಿನದಿಂದ 60 ದಿನಕ್ಕಿಳಿದಾಗ ಅದು ಎಲ್ಲ ಪತ್ರಿಕೆಗಳಲ್ಲಿಯೂ ಬಂತು. ಕಾಯುವ ಪಟ್ಟಿಯಲ್ಲಿ ನಮ್ಮದು ಎಷ್ಟನೆಯ ನಂಬರೆಂದು ತಿಳಿಯುತ್ತದೆ. ಬಾರದವನ ಬರ್ತನ್ನು ಆರ್.ಎ.ಸಿ.ಯವನಿಗೆ ಕೊಡುತ್ತಾರೆ. ಹಡಗಿನ ಆ ಆರು ಖಾಲಿ ಮೇಜುಗಳಿಗೆ ಆರ್.ಎ.ಸಿ. ಇರಲಿಲ್ಲ.

ಹಡಗಿನ ಊಟದಲ್ಲಿ ಭೇದ ಹೊಸತೇನಲ್ಲ. ದರ್ಜೆಗೊಂದು ಊಟದ ಶಾಲೆ ಹಿಂದಿನ ಹಡಗುಗಳಲ್ಲೆಲ್ಲ ಇತ್ತು. 1905ರಲ್ಲಿ ‘ಅಮೇರಿಕಾ’ ಎಂಬ ಜರ್ಮನ್ ಹಡಗಿನಲ್ಲಿ, ಬೇಕಾದುದನ್ನು ತರಿಸಿಕೊಂಡು ಪ್ರತ್ಯೇಕ ಹಣ ಕೊಡುವ ಹೋಟೆಲು ಬಂತು. 1912ರ ‘ಟೈಟಾನಿಕ್’ನಲ್ಲಿಯೂ ಅಂಥದಿತ್ತು. ಆದರೆ ಅಲ್ಲೊಂದು ನ್ಯಾಯವಿತ್ತು: ಎಲ್ಲ ಹೊತ್ತೂ ಆ ಹೋಟೆಲಿನಲ್ಲೇ ಉಣ್ಣುವ ಮೊದಲ ದರ್ಜೆಯವರಿಗೆ ಟಿಕೇಟಿನ ದರದಲ್ಲಿ ಸೋಡಿ ಸಿಗುತ್ತಿತ್ತು. ಲಾರ್ಡುಗಳ ಕಾಲದಲ್ಲಿದ್ದ ಈ ಲೆಕ್ಕ ನಮ್ಮ ಕಾಲಕ್ಕೆ ಮಾಯವಾಗಿದೆ. ಈಗ ಉಣ್ಣದ ಊಟಕ್ಕೂ ಹಣ, ಉಂಡದ್ದಕ್ಕೂ ಹಣ. ಆಮೇಲಿನ ವಿಹಾರ ನೌಕೆಗಳಲ್ಲಿ ಸಂಜೆ ಎರಡು ಪಂಕ್ತಿ, ಪ್ರತಿಯೊಬ್ಬನಿಗೂ ಮೊದಲೇ ಗೊತ್ತುಪಡಿಸಿದ ಮೇಜು ಎಂಬ ಏರ್ಪಾಡಿತ್ತು. ಕೇಳದೆಯೇ ಕಾಯ್ದಿರಿಸಿದಂತೆ. 2000ದಲ್ಲಿ ನಾರ್ವೇಜಿಯನ್ ಕಂಪನಿಯು ‘ಬೇಕಾದಾಗ, ಬೇಕಾದಲ್ಲಿ ಉಣ್ಣಿ’ ಎಂಬ ಹೊಸ ಪದ್ಧತಿ ತಂದಿತು. ಉಳಿದ ಕಂಪನಿಗಳೂ ಆ ದಾರಿ ಹಿಡಿದವು. ಹೆಸರು ಸ್ವಾತಂತ್ರ್ಯದ್ದು, ಫಲ ಮಾತ್ರ ಮೊದಲೇ ಮೇಜು ಹಿಡಿಯಬಲ್ಲವನಿಗೆ. ಕ್ಯುನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’ ಹಡಗಿನಲ್ಲಿ ಇಂದಿಗೂ ಕೋಣೆಯ ದರ್ಜೆಯಂತೆ ಊಟದ ಶಾಲೆ ಬೇರೆ ಬೇರೆ. ಆದರೆ ಅವರು ಅದನ್ನು ಟಿಕೇಟು ಮಾರುವಾಗಲೇ ಹೇಳುತ್ತಾರೆ.

ಮುಂಬಯಿಯ ಮಾಟುಂಗಾದಲ್ಲಿ 1942ರಿಂದ ನಡೆದುಬಂದಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ನಮ್ಮಲ್ಲಿ ಹಲವರು ಬಲ್ಲರು. ಕೂಪನ್ ತೆಗೆದುಕೊಂಡು ಸರದಿ ಬರುವ ತನಕ ಕಾಯಬೇಕು. ಕಾಯಲಾರದವನು ಬೀದಿ ದಾಟಿ ಇನ್ನೊಂದು ಹೋಟೆಲಿಗೆ ಹೋಗಬಹುದು. ನಡುಗಡಲಿನಲ್ಲಿ ಬೀದಿ ದಾಟುವುದೆಲ್ಲಿಗೆ? ಹೊರಗೆ ಹೋಗಲಾರದ, ಬುತ್ತಿ ತರಲಾಗದ ಜನರಿಗೆ ಮೇಜಿನ ಹಕ್ಕನ್ನು ಎರಡನೆಯ ಸಲ ಮಾರುವುದು ವ್ಯಾಪಾರವಲ್ಲ, ಪಂಕ್ತಿಭೇದ. ಮೊದಲು ಅದು ಜಾತಿ ನೋಡುತ್ತಿತ್ತು, ಈಗ ಕೋಣೆಯ ನಂಬರು ನೋಡುತ್ತದೆ.

ಸಂಘ ಪ್ರವಾಸ ಏರ್ಪಡಿಸುವುದಾದರೆ ಕಾರ್ಯಕಾರಿ ಸಮಿತಿಯು ಕಂಪನಿಯಿಂದ ಈ ಮಾತುಗಳನ್ನು ಲಿಖಿತವಾಗಿ ಪಡೆಯಬೇಕು. ನಮ್ಮ ತಂಡಕ್ಕೆ ಎರಡೂ ಹೊತ್ತಿನ ಮೇಜು ಮತ್ತು ವೇಳೆ ಟಿಕೇಟಿನ ಜೊತೆಯಲ್ಲೇ ನಿಗದಿಯಾಗಬೇಕು. ಯಾವ ಊಟಕ್ಕೆ ಬೇರೆ ಹಣ ಎಂಬ ಪಟ್ಟಿ ಮೊದಲೇ ಸಿಗಬೇಕು. ಸಂದೇಶಗಳು ಏಜೆಂಟರಿಗಲ್ಲದೆ ಪ್ರಯಾಣಿಕರಿಗೂ ಬರಬೇಕು. ಹದಿನೈದು ನಿಮಿಷದೊಳಗೆ ಬಾರದವರ ಮೇಜು ಕಾಯುತ್ತಿರುವವರಿಗೆ ಸಲ್ಲಬೇಕು. ವೃದ್ಧರಿಗೂ ರೋಗಿಗಳಿಗೂ ಆ್ಯಪಿಲ್ಲದೆ, ಬಾಯಿಮಾತಿನಲ್ಲಿ ಜಾಗ ದೊರೆಯಬೇಕು. ಒಪ್ಪದಿದ್ದರೆ ನಮಗೆ ಆ ಹಡಗೇ ಬೇಡ.

ಕಡೆಯದಾಗಿ, ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳೋಣ. ಈ ಸಲದ ರಾಜ್ಯೋತ್ಸವದ ಊಟದಲ್ಲಿ ದಾನಿಗಳಿಗೆ ಮೊದಲ ಪಂಕ್ತಿ ಕಾಯ್ದಿರಿಸಬೇಕೆಂಬ ಸಲಹೆ ಸಂಘದಲ್ಲೇ ಹುಟ್ಟಿದೆ. 1954ರ ಡಿಸೆಂಬರ್ 25ರಂದು ಡಾ. ಅಂಬೇಡ್ಕರರು ತಮ್ಮ ಕೈಯಾರೆ ಬುದ್ಧಮೂರ್ತಿಯನ್ನು ಪ್ರತಿಷ್ಠಾಪಿಸಿದ ಊರು ನಮ್ಮ ದೇಹೂ ರೋಡು. ಇಲ್ಲಿದ್ದುಕೊಂಡು ಅಂಥ ಸಲಹೆಗೆ ಕೈಯೆತ್ತುವುದು ನಮ್ಮಿಂದಾಗದು. ಮೊದಲ ಪಂಕ್ತಿ ಕಾಯ್ದಿರಿಸಲೇಬೇಕಾದರೆ ಮಾತ್ರೆ ನುಂಗಿ ಬಂದ ಅಜ್ಜಿಯರಿಗೆ, ಎಳೆಮಕ್ಕಳ ತಾಯಂದಿರಿಗೆ ಕಾಯ್ದಿರಿಸಿ. ಉಳಿದವರೆಲ್ಲ, ದಾನಿಗಳೂ ಗುಮಾಸ್ತರೂ, ಬಂದ ಸರದಿಯಲ್ಲಿ ಎಲೆಯ ಮುಂದೆ ಕೂರೋಣ.