ಎದೆಯ ಮೇಲಿನ ಅಕ್ಷರಕ್ಕೆ ಬೆಲೆ ಎಷ್ಟು?

ದೀಪಾವಳಿಯ ರಜೆ ಮುಗಿದೊಡನೆ ಸೋಲಾಪುರ, ಅಕ್ಕಲಕೋಟೆ ಭಾಗದ ನಮ್ಮ ಕನ್ನಡ ಶಾಲೆಗಳಲ್ಲಿ ಸ್ನೇಹಸಮ್ಮೇಳನದ ಸಿದ್ಧತೆ ಮೊದಲಾಗುತ್ತದೆ. ಈಚಿನ ವರ್ಷಗಳಲ್ಲಿ ಆ ಸಿದ್ಧತೆಗೆ ಹೊಸದೊಂದು ಖರ್ಚು ಸೇರಿಕೊಂಡಿದೆ: ಶಾಲೆಯ ಹೆಸರನ್ನು ಅಚ್ಚೊತ್ತಿಸಿದ ಟೀ ಶರ್ಟ್. ಮಕ್ಕಳಿಗೆ ಅದು ಹಬ್ಬದ ಉಡುಪು. ಪಾಲಕರಿಗೆ ಅದು ತಿಂಗಳ ಲೆಕ್ಕದಲ್ಲಿ ಹೊಂದಿಸಬೇಕಾದ ಮೊತ್ತ.

ಕಳೆದ ವರ್ಷ ನನಗೆ ಪರಿಚಿತವಾದ ಶಾಲೆಯೊಂದರಲ್ಲಿ 60 ಅಂಗಿಗಳನ್ನು ಮಾಡಿಸಲಾಯಿತು. ಎಲ್ಲಕ್ಕಿಂತ ಕಡಿಮೆ ದರ, ಅಂದರೆ ಒಂದಕ್ಕೆ ₹160, ಹೇಳಿದ ಅಂಗಡಿಯನ್ನು ಆರಿಸಿದೆವು. ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ. ಅಂಗಿಗಳು ಬಂದಾಗ ‘ಕನ್ನಡ’ ಎಂಬ ಪದದ ಒತ್ತಕ್ಷರ ಕಳಚಿ, ‘ಕನ್’ ಒಂದೆಡೆ, ‘ನಡ’ ಮತ್ತೊಂದೆಡೆ ನಿಂತಿದ್ದವು. ಬದಲಾಯಿಸಲು ಕಾಲಾವಕಾಶ ಉಳಿದಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ, ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಿಯೊಬ್ಬರು ಆ ಅಂಗಿಯನ್ನು ಹಿಡಿದು ಬಂದು, “ಮೂರು ಸಲ ಒಗದೀನ್ರಿ ಸರ, ಅಕ್ಷರ ಎಲ್ಲಾ ಎದ್ದು ಬಂದ್ವು. ನಮಗ ಇದು ಸಣ್ಣ ರೊಕ್ಕ ಅಲ್ರಿ,” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಗ್ಗದ ಆಸೆಗೆ ಹೋಗಿ ಮುಗ್ಗಲು ಜೋಳ ತಂದಂತಾಗಿತ್ತು ನಮ್ಮ ಸ್ಥಿತಿ. ಆ ಬಳಿಕ ಈ ಕೆಲಸ ಬಲ್ಲವರ ಬಳಿ ಕುಳಿತು ತಿಳಿದುಕೊಂಡುದನ್ನು ಈ ವಾರ ಪಾಲಕರ ಮುಂದಿಡುತ್ತಿದ್ದೇನೆ.

ಮೊದಲು ಬಟ್ಟೆಯ ವಿಚಾರ. ಮಗ್ಗದ ಊರಿನವರಾದ ನಮಗೆ ಬಟ್ಟೆಯ ತೂಕದ ಮಹತ್ವವನ್ನು ವಿವರಿಸಬೇಕಾಗಿಲ್ಲ. ಅಂಗಡಿಯವರು ಹೇಳುವ ‘ಜಿಎಸ್‌ಎಂ’ ಎಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ. ಹತ್ತಿಯ ಟೀ ಶರ್ಟಿಗೆ 180 ಜಿಎಸ್‌ಎಂ ಆಸುಪಾಸಿನದು ದಿನಬಳಕೆಗೆ ಸಾಕು. ಅದಕ್ಕಿಂತ ಬಹಳ ತೆಳುವಾದುದು ಬೇಗ ಜೋತುಬೀಳುತ್ತದೆ. ಪಾಲಿಯೆಸ್ಟರ್ ಹಗುರ, ಬೇಗ ಒಣಗುತ್ತದೆ. ಆದರೆ ಬೆವರನ್ನು ಹತ್ತಿಯಂತೆ ಹೀರುವುದಿಲ್ಲ.

ಯಾವ ಬಟ್ಟೆಯೋ ಅದಕ್ಕೆ ತಕ್ಕ ಅಚ್ಚು. ಹೀಟ್ ಪ್ರೆಸ್ ಯಂತ್ರದಲ್ಲಿ ಮುಖ್ಯವಾಗಿ ಮೂರು ಬಗೆಯ ಕೆಲಸ ನಡೆಯುತ್ತದೆ. ಸಬ್ಲಿಮೇಶನ್ ಎಂಬುದರಲ್ಲಿ ಸುಮಾರು 190ರಿಂದ 200 ಡಿಗ್ರಿ ಶಾಖಕ್ಕೆ ಬಣ್ಣ ಆವಿಯಾಗಿ ನೂಲಿನೊಳಗೇ ಸೇರುತ್ತದೆ. ಸುಲಿದು ಬರುವ ಭಯವಿಲ್ಲ. ಆದರೆ ಅದು ಬಿಳಿ ಅಥವಾ ತಿಳಿಬಣ್ಣದ ಪಾಲಿಯೆಸ್ಟರಿಗೆ ಮಾತ್ರ. ಹತ್ತಿಯ ಮೇಲೆ ನಿಲ್ಲದು. ಎರಡನೆಯದು ವಿನೈಲ್: ಬಣ್ಣದ ಹಾಳೆಯಿಂದ ಅಕ್ಷರಗಳನ್ನು ಕತ್ತರಿಸಿ ಅಂಟಿಸುವುದು. ಪ್ರತಿ ಮಗುವಿನ ಹೆಸರು, ಆಟದ ಸಂಖ್ಯೆ ಬೇರೆಬೇರೆಯಾಗಿದ್ದರೆ ಇದು ಅನುಕೂಲ. ಮೂರನೆಯದು ಡಿಟಿಎಫ್: ಫಿಲ್ಮಿನ ಮೇಲೆ ಚಿತ್ರ ಮುದ್ರಿಸಿ, ಅಂಟುಪುಡಿ ಹಾಕಿ, ಅಂಗಿಗೆ ಒತ್ತುವುದು. ಹತ್ತಿಗೂ ಪಾಲಿಯೆಸ್ಟರಿಗೂ, ಗಾಢ ಬಣ್ಣಕ್ಕೂ ಇದು ಹೊಂದುತ್ತದೆ. ಕೆಂಪು ಪಾಲಿಯೆಸ್ಟರಿನ ಮೇಲೆ ಬಿಳಿ ಅಕ್ಷರ ಬೇಕೆನ್ನುವವರು ಮಾತ್ರ ಎಚ್ಚರದಿಂದಿರಬೇಕು. ಶಾಖಕ್ಕೆ ಬಟ್ಟೆಯ ಬಣ್ಣ ಮೇಲೇರಿ ಬಿಳಿಯು ಗುಲಾಬಿಯಾಗುವುದುಂಟು.

ಇನ್ನು ದರ. ದರಗಳು ಊರಿನಿಂದ ಊರಿಗೆ ಬದಲಾಗುತ್ತವೆ. ಲೆಕ್ಕದ ಕ್ರಮವನ್ನು ಮಾತ್ರ ಇಲ್ಲಿ ನೋಡೋಣ. ಡಿಟಿಎಫ್ ಫಿಲ್ಮ್ ಮೀಟರಿಗೆ ₹300, ಮುದ್ರಣದ ಅಗಲ 22 ಇಂಚು ಎಂದಿಟ್ಟುಕೊಳ್ಳಿ. ಚಿತ್ರ 10 ಇಂಚು ಚೌಕವಿದ್ದರೆ ಒಂದು ಮೀಟರಿನಲ್ಲಿ 6 ಮಾತ್ರ ಹಿಡಿಯುತ್ತವೆ. ಒಂದಕ್ಕೆ ₹50 ಬೀಳುತ್ತದೆ. ಅದನ್ನೇ 7 ಇಂಚಿಗೆ ಇಳಿಸಿದರೆ 15 ಹಿಡಿಯುತ್ತವೆ, ಒಂದಕ್ಕೆ ₹20. ಮಕ್ಕಳ ಪುಟ್ಟ ಎದೆಗೆ 7 ಇಂಚು ಕಡಿಮೆಯೇನಲ್ಲ. ಹಣ ಉಳಿಸಬೇಕಾದುದು ಇಂಥಲ್ಲಿ.

ಈಗ ಇಡೀ ಅಂಗಿಯ ಲೆಕ್ಕ. ಒಳ್ಳೆಯ ಹತ್ತಿಯ ಅಂಗಿ ₹150, ಅಚ್ಚು ₹20, ಒತ್ತುವ ಕೂಲಿ ಮತ್ತು ವಿದ್ಯುತ್ತು ₹15. ಅರವತ್ತರಲ್ಲಿ ಮೂರು ಕೆಟ್ಟರೆ ಆ ನಷ್ಟ ತಲಾ ₹9. ಸಾಗಣೆ ₹6. ಒಟ್ಟು ₹200. ಅಂಗಡಿಯವರೂ ಸಂಸಾರಸ್ಥರೇ, ಅವರಿಗೆ ₹40 ಉಳಿದರೆ ಅಂಗಿಯ ಬೆಲೆ ₹240. ಇಂಥ ಅಂಗಿಯನ್ನೇ ₹160ಕ್ಕೆ ಕೊಡುತ್ತೇನೆಂದರೆ ಎಲ್ಲೋ ಒಂದು ಕಡೆ ಕಡಿತವಾಗಿದೆ ಎಂದರ್ಥ. ಬಟ್ಟೆ ತೆಳುವಾಗಿರಬಹುದು. ಹದಿನೈದು ಸೆಕೆಂಡು ಒತ್ತಬೇಕಾದುದನ್ನು ಐದಕ್ಕೇ ಎತ್ತಿರಬಹುದು. ಆಗ ಅಂಟು ನೂಲಿಗೆ ಇಳಿಯದೆ, ಒಗೆತಕ್ಕೆ ಅಕ್ಷರ ಎದ್ದುಬರುತ್ತದೆ. ಮೂರು ಒಗೆತಕ್ಕೆ ಮುಗಿಯುವ ₹160ರ ಅಂಗಿಗಿಂತ, ವರ್ಷವಿಡೀ ಮೈಮೇಲಿರುವ ₹240ರ ಅಂಗಿಯೇ ಅಗ್ಗ. ಅಷ್ಟು ಹಣ ಹೊಂದದಿದ್ದರೆ ಅಂಗಿಯನ್ನೇ ಕೈಬಿಟ್ಟು, ಬಿಳಿ ಸಮವಸ್ತ್ರದ ಜೇಬಿನ ಮೇಲೆ ಚಿಕ್ಕ ಲಾಂಛನ ಒತ್ತಿಸಿದರೂ ಸಾಕು; ಅದರಲ್ಲಿ ಸಂಕೋಚಪಡುವಂಥದೇನೂ ಇಲ್ಲ.

ಕೊನೆಯದಾಗಿ, ಅಕ್ಷರ. ನಮ್ಮೂರ ಅಂಗಡಿಗಳಲ್ಲಿ ಕನ್ನಡ ಓದಬಲ್ಲ ಕೆಲಸಗಾರರು ಎಲ್ಲೆಡೆ ಇರುವುದಿಲ್ಲ. ಅದು ಅವರ ತಪ್ಪಲ್ಲ. ಒಂದು ಗಣಕದಲ್ಲಿ ನುಡಿಯಲ್ಲಿ ಬೆರಳಚ್ಚಿಸಿದ್ದನ್ನು ಆ ಅಕ್ಷರಶೈಲಿಯಿಲ್ಲದ ಇನ್ನೊಂದರಲ್ಲಿ ತೆರೆದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಕೆಲವು ತಂತ್ರಾಂಶಗಳು ಒತ್ತಕ್ಷರವನ್ನು ಕೂಡಿಸುವುದೇ ಇಲ್ಲ. ಆದುದರಿಂದ ಬರಹವನ್ನು ಶಾಲೆಯಲ್ಲಿಯೇ ಸಿದ್ಧಪಡಿಸಿ, ಅಕ್ಷರರೂಪದಲ್ಲಿ ಕೊಡದೆ ಚಿತ್ರರೂಪಕ್ಕೆ ಬದಲಿಸಿ ಕೊಡಿರಿ. ದಪ್ಪ ಅಕ್ಷರಶೈಲಿಯನ್ನೇ ಆರಿಸಿರಿ. ವಿನೈಲಿನಲ್ಲಿ ಸಣ್ಣ ಒತ್ತು, ಕೊಂಬುಗಳೇ ಮೊದಲು ಎದ್ದುಬರುವುದು. ಒಂದು ಮಾದರಿ ಅಂಗಿಯನ್ನು ಮಾಡಿಸಿ, ಗುರುಗಳೊಬ್ಬರು ಅಕ್ಷರ ಅಕ್ಷರವಾಗಿ ಓದಿ ಸಹಿ ಮಾಡಿದ ಮೇಲೆಯೇ ಉಳಿದವನ್ನು ಒತ್ತಿಸಿರಿ. ಒಂದು ದಿನ ಕಳೆದ ಮೇಲೆ ಆ ಮಾದರಿಯನ್ನು ಎರಡು ಮೂರು ಸಲ ಒಗೆದು ನೋಡಿರಿ. ಮುಂದೆ ಮನೆಯಲ್ಲಿಯೂ ಅಂಗಿಯನ್ನು ಒಳಮಗ್ಗಲು ಹೊರಳಿಸಿ ತಣ್ಣೀರಿನಲ್ಲಿ ಒಗೆಯಬೇಕು. ಅಚ್ಚಿನ ಮೇಲೆ ನೇರವಾಗಿ ಇಸ್ತ್ರಿ ಆಡಿಸಬಾರದು.

ಬೀದಿಯ ಫಲಕಗಳಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಾಣಸಿಗುವುದು ಅಪರೂಪ. ಅವರ ಎದೆಯ ಮೇಲೆ ಅದು ಬರೆಯಲ್ಪಡುವುದಾದರೆ, ಒತ್ತು ಕಳಚದೆ, ಬಣ್ಣ ಸುಲಿಯದೆ ಇರಲಿ. ಈ ವರ್ಷ ಅಂಗಡಿಗೆ ಹೋಗುವ ಸಮಿತಿಯವರು “ಎಷ್ಟಕ್ಕೆ ಕೊಡುತ್ತೀರಿ?” ಎಂದು ಕೇಳುವ ಮೊದಲು “ಏನನ್ನು ಕೊಡುತ್ತೀರಿ?” ಎಂದು ಕೇಳಲಿ. ನಾವು ಕಳೆದ ವರ್ಷ ಅದನ್ನು ಕೇಳಿರಲಿಲ್ಲ.