ಹಳೆಯ ಲಾರಿಯ ವಂಶಾವಳಿ

ಕಳೆದ ಮಾಘಮಾಸದಲ್ಲಿ ಗುಬ್ಬಿಯ ಸಮೀಪದ ತೆಂಗಿನ ತೋಟವೊಂದರಲ್ಲಿ, ಮಟ್ಟೆಯ ರಾಶಿಯ ಹಿಂದೆ, ಇಟ್ಟಿಗೆಗಳ ಮೇಲೆ ನಿಂತಿದ್ದ ಹಳೆಯ ಲಾರಿಯೊಂದನ್ನು ನಾವು ನೋಡಿದೆವು. ಮನೆಯ ಯಜಮಾನರು ಎಂಬತ್ತರ ಸಮೀಪದವರು. “ಅಯ್ಯನವರೇ, ಬರ್ಮಾ ಯುದ್ಧದಲ್ಲಿ ನಮ್ಮ ತಂದೆ ಓಡಿಸಿದ ಗಾಡಿಯಿದು. ಆಮೇಲೆ ಸೇನೆಯ ಹರಾಜಿನಲ್ಲಿ ಇದನ್ನೇ ಹುಡುಕಿ ತಂದರು” ಎಂದರು. ಮಕ್ಕಳಾದರೋ ಅದನ್ನು ತುಮಕೂರಿನ ಗುಜರಿಯವನಿಗೆ ಮಾತನಾಡಿ ಮುಂಗಡವನ್ನೂ ಪಡೆದಿದ್ದರು. ತಂದೆಯ ನೆನಪನ್ನು ತಕ್ಕಡಿಗೆ ಹಾಕುವುದೆಂತು ಎಂಬುದು ಹಿರಿಯರ ಸಂಕಟ. “ತಾಳೆಗರಿಯ ಕಾಲ ಹೇಳುವವರು ನೀವು, ಇದರದನ್ನೂ ಹೇಳಿ” ಎಂದು ಪಟ್ಟು ಹಿಡಿದರು.

ಮಠದ ಪಾಠಶಾಲೆಯಲ್ಲಿ ನಮ್ಮ ಗುರುಗಳು, ಕಟ್ಟಿನ ಹಲಗೆಯನ್ನೂ ದಾರವನ್ನೂ ನಂಬಬೇಡಿ, ಅವು ಬದಲಾಗುತ್ತವೆ. ಲಿಪಿಕಾರನು ಕೊನೆಯ ಗರಿಯಲ್ಲಿ ಬರೆದ ಸಂವತ್ಸರವನ್ನು ಹುಡುಕಿ ಎನ್ನುತ್ತಿದ್ದರು. ಆದರೆ ಲಾರಿಯ ಕೊನೆಯ ಗರಿ ಎಲ್ಲಿರುತ್ತದೆಂದು ನಮಗೇನು ಗೊತ್ತು? ಸೇನೆಯ ವಾಹನ ದುರಸ್ತಿ ವಿಭಾಗದಿಂದ ನಿವೃತ್ತರಾದ ಕುಣಿಗಲ್ಲಿನ ಮಿತ್ರರೊಬ್ಬರನ್ನು ಕರೆಸಿದೆವು. ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆ ಸಾಕಿದ ಊರಿನವರು ಅವರು. “ಕುದುರೆಯ ವಯಸ್ಸಿಗೆ ಹಲ್ಲು, ಗಾಡಿಯ ವಯಸ್ಸಿಗೆ ಚಾಸಿ” ಎನ್ನುತ್ತ ಅಡಿಗೆ ನುಸುಳಿದರು.

ಎರಡನೆಯ ಮಹಾಯುದ್ಧದಲ್ಲಿ ನಮ್ಮ ದೇಶಕ್ಕೆ ಬಂದ ಸೇನಾ ಲಾರಿಗಳಲ್ಲಿ ಕೆನಡಾದ ಫೋರ್ಡ್ ಮತ್ತು ಷೆವರ್ಲೆ ಗಾಡಿಗಳು ಬಹಳ. ಯುದ್ಧ ಮುಗಿದ ಮೇಲೆ ಇಂಥ ಡಿಸ್ಪೋಸಲ್ ಗಾಡಿಗಳು ಹರಾಜಾಗಿ ಊರೂರುಗಳಲ್ಲಿ ಲಾರಿ, ಬಸ್ಸುಗಳಾಗಿ ಓಡಿದವು. ಅವುಗಳ ಮೂತಿ ಮೊಂಡು. 1941ರ ಕೊನೆಯಿಂದ ಬಂದವುಗಳಲ್ಲಿ ಮುಂದಿನ ಗಾಜಿನ ಮೇಲಂಚು ಮುಂದಕ್ಕೆ ಬಾಗಿರುತ್ತದೆ. ಎಂಜಿನ್ನು ಪೆಟ್ರೋಲಿನದು, ನಟ್ಟು ಬೋಲ್ಟುಗಳು ಅಂಗುಲದ ಅಳತೆಯವು.

ನಮ್ಮೆದುರಿನ ಗಾಡಿಯ ಕ್ಯಾಬಿನ್ನನ್ನು ಎಂದೋ ಬಡಗಿಗಳು ಮರದಲ್ಲಿ ಕಟ್ಟಿದ್ದರಿಂದ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಮಿತ್ರರು ಎಂಜಿನ್ ನೋಡಿದರು: ಡೀಸೆಲ್, ಆರು ಸಿಲಿಂಡರ್. ಅಂಗುಲದ ಸ್ಪ್ಯಾನರುಗಳು ಸರಿಯಾಗಿ ಕೂರಲಿಲ್ಲ, ಮಿಲಿಮೀಟರಿನವು ಕೂತವು. ಚಾಸಿಯ ತುಕ್ಕನ್ನು ತಿಕ್ಕಿ, ನಾವು ಶಾಸನದ ಅಚ್ಚು ತೆಗೆಯುವಂತೆಯೇ, ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರು. (ಸಾರಿಗೆ ಕಚೇರಿಗೂ ಹೀಗೆಯೇ ಅಚ್ಚು ಒಪ್ಪಿಸುವ ಕ್ರಮವುಂಟಂತೆ. ಶಾಸನಶಾಸ್ತ್ರಕ್ಕೆ ಅಲ್ಲಿಯೂ ಒಂದು ಸ್ಥಾನವಿದೆಯೆಂದು ಕೇಳಿ ಸಂತೋಷವಾಯಿತು.) ಹಿಂದಿನ ಹಲಗೆಯಲ್ಲಿ ಮೂರು ಪದರ ಬಣ್ಣದ ಕೆಳಗೆ ಮೇಲ್ಮುಖವಾದ ಬಾಣವೊಂದು ಕಂಡಿತು. ಭಾರತೀಯ ಸೇನೆಯ ವಾಹನಸಂಖ್ಯೆ ಈ ಬಾಣದಿಂದ ತೊಡಗುತ್ತದೆ; ಅದರ ಮುಂದಿನ ಎರಡು ಅಂಕಿಗಳು ಗಾಡಿ ಸೇನೆಗೆ ಸೇರಿದ ವರ್ಷ. ಇಲ್ಲಿ 6 ಸ್ಪಷ್ಟವಾಗಿತ್ತು, ಇನ್ನೊಂದು ಸವೆದಿತ್ತು.

“ಇದು ಶಕ್ತಿಮಾನ್” ಎಂದರು ಮಿತ್ರರು. ಜರ್ಮನಿಯ ಮ್ಯಾನ್ ಕಂಪನಿಯೊಡನೆ ಒಪ್ಪಂದವಾಗಿ, 1959ರಿಂದ ಜಬಲ್ಪುರದಲ್ಲಿ ತಯಾರಾಗಿ, 1990ರ ದಶಕದವರೆಗೂ ನಮ್ಮ ಸೇನೆಯ ಭಾರ ಹೊತ್ತ ಗಾಡಿ. ಬರ್ಮಾದ ಯುದ್ಧ ಮುಗಿದದ್ದು 1945ರಲ್ಲಿ.

ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ನಮ್ಮಪ್ಪ ಸುಳ್ಳು ಹೇಳಿದರೇ?” ಎಂದರು. ಈ ಪ್ರಶ್ನೆಗೆ ನಾವು ಸಿದ್ಧರಾಗಿ ಹೋಗಿರಲಿಲ್ಲ. ಗಾಡಿಯ ಕಾಲವನ್ನು ಹೇಳುವ ಉತ್ಸಾಹದಲ್ಲಿ ಒಬ್ಬ ಮೃತನ ಮಾತಿಗೆ ಕುಂದು ತಂದೆವೇ ಎಂದು ಮನಸ್ಸು ಕುಗ್ಗಿತು. ಮನೆಯಲ್ಲಿ ಅವರ ಕಾಗದಪತ್ರಗಳು ಉಂಟೇ ಎಂದು ಕೇಳಿದೆವು.

ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಯಿತು. ಅದರೊಳಗೆ 1979ರ ಹರಾಜಿನ ಚೀಟಿ. ಗಾಡಿಯ ಹೆಸರು ಶಕ್ತಿಮಾನ್ ಎಂದೇ ಇತ್ತು, ಕೆಳಗೆ ತಂದೆಯವರ ರುಜು. ಅದರ ಅಡಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಆರು ಮೊನೆಯ ಕಂಚಿನ ನಕ್ಷತ್ರ, ಬರ್ಮಾ ಸ್ಟಾರ್ ಪದಕ. ಜೊತೆಗೆ ಸೇನೆಯಿಂದ ಬಿಡುಗಡೆಯಾದ ಪುಸ್ತಕ, ಕಸುಬಿನ ಎದುರಿಗೆ ಡ್ರೈವರ್ ಎಂದು ಬರೆದಿತ್ತು. ಅವರು ಬರ್ಮಾಕ್ಕೆ ಹೋದದ್ದೂ ನಿಜ, ಲಾರಿ ಓಡಿಸಿದ್ದೂ ನಿಜ.

ಹಿರಿಯರು ಆಗ ಮೆಲ್ಲನೆ ನೆನೆದುಕೊಂಡರು. ಗಾಡಿ ತಂದ ದಿನ ತಂದೆ ಹೇಳಿದ್ದು “ಇಂಥದೇ ಗಾಡಿ” ಎಂದಂತೆ. ನಲವತ್ತು ವರ್ಷ ಮನೆಮಂದಿಯ ಬಾಯಲ್ಲಿ ಸುಳಿದು “ಇಂಥದೇ” ಎಂಬುದು “ಇದೇ” ಆಗಿತ್ತು. ಲಿಪಿಕಾರರ ಕೈಯಲ್ಲಿ ಅಕ್ಷರ ಬೀಳುವುದನ್ನು ಎಷ್ಟು ಪ್ರತಿಗಳಲ್ಲಿ ಕಂಡಿಲ್ಲ ನಾವು!

ಮುಂದಿನ ಗುರುವಾರ ಲಾರಿ ತುಮಕೂರಿಗೆ ಹೋಯಿತು. ಕಳುಹಿಸಿರೆಂದು ಹಿರಿಯರೇ ಹೇಳಿದರು. ಬಾಣದ ಗುರುತಿದ್ದ ಹಲಗೆಯನ್ನು ಮಾತ್ರ ಕಳಚಿ ಇಟ್ಟುಕೊಂಡಿದ್ದಾರೆ. ಬಿಡುಗಡೆ ಪುಸ್ತಕದ ಹಾಳೆಗಳು ತೇವಕ್ಕೆ ಅಂಟಿಕೊಂಡಿದ್ದವು. ಬಿಸಿಲಿಗೆ ಹಾಕದೆ ನೆರಳಲ್ಲಿ ಆರಿಸಿ, ಒಂದೊಂದಾಗಿ ಬಿಡಿಸಿರೆಂದು ಸೊಸೆಯಂದಿರಿಗೆ ತಿಳಿಸಿ ಬಂದೆವು.